ಹೊಸ ದಾಂಪತ್ಯದ ಬಿರುಕು ಬರೆಯುವುದು ಹೇಗೆ: ಬೆಂಗಳೂರಿನ ಕಾದಂಬರಿಗೊಂದು ಮಾರ್ಗದರ್ಶಿ

ಮೈಸೂರಿನ ಹುಡುಗಿ, ರಾಣೆಬೆನ್ನೂರಿನ ಹುಡುಗ. ಮದುವೆಯಾಗಿ ಏಳು ತಿಂಗಳು. ಬನಶಂಕರಿ ಮೂರನೇ ಹಂತದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅವನ ಅವ್ವ ಊರಿಂದ ಕಳಿಸಿದ ಖಡಕ್ ರೊಟ್ಟಿಯ ಕಟ್ಟು ಫ್ರಿಜ್ಜಿನ ಮೇಲೆ ಹದಿನೈದು ದಿನದಿಂದ ಬಿಚ್ಚದೆ ಕೂತಿದೆ. ಒಂದು ರಾತ್ರಿ ಅವನು ಕೇಳುತ್ತಾನೆ: "ರೊಟ್ಟಿ ಇನ್ನೂ ಹಂಗ ಅದಾವಲ್ಲ?" ನಮ್ಮವ್ವನಿಗೆ ನೀನು ಬೆಲೆ ಕೊಡುವುದಿಲ್ಲ ಎಂದು ಅವಳಿಗೆ ಕೇಳಿಸುತ್ತದೆ. "ನೀನೇ ಬಿಚ್ಕೊಂಡು ತಿನ್ನಬಹುದಿತ್ತಲ್ವಾ?" ಎನ್ನುತ್ತಾಳೆ. ನಿಮ್ಮ ಮನೆಯ ಊಟಕ್ಕೂ ನನಗೂ ಸಂಬಂಧವಿಲ್ಲ ಎಂದು ಅವನಿಗೆ ಕೇಳಿಸುತ್ತದೆ. ಇಬ್ಬರೂ ಬೇರೆ ಮಾತಾಡದೆ ದೀಪ ಆರಿಸಿ ಮಲಗುತ್ತಾರೆ.

ಈ ಕಟ್ಟಿನಿಂದ ಒಂದು ಕಾದಂಬರಿ ಹುಟ್ಟುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಕಾಲದ, ಈ ನಗರದ ಎಳೆಯ ದಾಂಪತ್ಯವೊಂದರ ಪ್ರೇಮ ಕಾದಂಬರಿ ಬರೆಯಲು ಹೊರಟವರು ಆಗಾಗ ತಮ್ಮ ಹಸ್ತಪ್ರತಿಯನ್ನು ನನಗೆ ಓದಲು ಕೊಡುತ್ತಾರೆ. ಬಹುಪಾಲು ಒಂದೇ ದಾರಿ ಹಿಡಿದಿರುತ್ತವೆ. ಮೊದಲೆರಡು ಅಧ್ಯಾಯ ಪ್ರೀತಿ, ಮೂರನೆಯದರಲ್ಲಿ ಗಂಡನ ಹಳೆಯ ಗೆಳತಿಯ ಫೋನು, ಹತ್ತನೆಯದರಲ್ಲಿ ಅಪಘಾತ, ಆಸ್ಪತ್ರೆಯ ಮಂಚದ ಪಕ್ಕ ಕಣ್ಣೀರು, ಮತ್ತೆ ಒಂದಾಗುವಿಕೆ. ಬರೆದವರ ಶ್ರಮ ನನಗೆ ಕಾಣುತ್ತದೆ. ಆದರೆ ಓದಿ ಮುಗಿಸಿದ ಮೇಲೂ ಆ ಗಂಡ ಹೆಂಡತಿ ಬೆಳಗ್ಗೆ ಏನು ತಿಂಡಿ ತಿನ್ನುತ್ತಾರೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಬಾಗಿಲಿಗೆ ಹಾಲಿನವನು ಬಂದರೆ ಯಾರು ಏಳುತ್ತಾರೆ ಎಂಬುದು ತಿಳಿದಿರುವುದಿಲ್ಲ. ಪರಿಚಯವೇ ಆಗದವರ ಮದುವೆ ಮುರಿದರೆ ಓದುಗರು ಮರುಗುವುದು ಕಷ್ಟ. ಹಾಗಾಗಿ ಕಥೆಯ ತಿರುವುಗಳನ್ನು ಹುಡುಕುವ ಮೊದಲು ಮಾಡಿಕೊಳ್ಳಬೇಕಾದ ಕೆಲಸಗಳನ್ನು ಒಂದೊಂದಾಗಿ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಮೇಲಿನ ಜೋಡಿಯನ್ನೇ ಇಟ್ಟುಕೊಳ್ಳೋಣ. ಅವಳು ಚೈತ್ರಾ, ಅವನು ಬಸವರಾಜ, ಮನೆಯಲ್ಲಿ ಬಸು.

ಮೊದಲ ಹೆಜ್ಜೆ: ಇಬ್ಬರೂ ಸರಿ ಇರುವ ಜಗಳ

ಒಂದು ನೋಟ್‌ಬುಕ್ ತೆಗೆದುಕೊಂಡು ಇಪ್ಪತ್ತು ಜಗಳಗಳ ಪಟ್ಟಿ ಮಾಡಿ. ದೊಡ್ಡ ವಿಷಯ ಬೇಡ. ಒದ್ದೆ ಟವೆಲ್, ಗೀಸರ್ ಆರಿಸದೆ ಹೋಗಿದ್ದು, ಅವಳ ತಮ್ಮನ ಹುಟ್ಟುಹಬ್ಬಕ್ಕೆ ಅವನು ಫೋನು ಮಾಡದಿದ್ದುದು, ಇವಳನ್ನು ಕೇಳದೆ ಅವನು ಗೆಳೆಯನಿಗೆ ಕೊಟ್ಟ ಇಪ್ಪತ್ತು ಸಾವಿರ. ಪ್ರತಿ ಜಗಳದ ಕೆಳಗೆ ಎರಡು ಪ್ಯಾರಾ ಬರೆಯಿರಿ. ಒಂದರಲ್ಲಿ ಅವಳ ಕಡೆಯ ನ್ಯಾಯ, ಇನ್ನೊಂದರಲ್ಲಿ ಅವನ ಕಡೆಯ ನ್ಯಾಯ. ಎರಡನ್ನೂ ವಕೀಲರಂತೆ ಪೂರ್ಣ ಮನಸ್ಸಿನಿಂದ ವಾದಿಸಿ. ಯಾವ ಜಗಳದಲ್ಲಿ ಒಂದು ಕಡೆಯ ವಾದ ಎರಡೇ ಸಾಲಿಗೆ ಮುಗಿದುಹೋಗುತ್ತದೋ ಅದನ್ನು ಹೊಡೆದುಹಾಕಿ.

ರೊಟ್ಟಿಯ ಕಟ್ಟನ್ನೇ ನೋಡಿ. ಚೈತ್ರಾ ಬೆಳಗ್ಗೆ ಏಳಕ್ಕೆ ಮನೆ ಬಿಡುತ್ತಾಳೆ. ರೊಟ್ಟಿಗೆ ಎಣ್ಣೆಗಾಯಿಯೋ ಪುಂಡಿಪಲ್ಲೆಯೋ ಬೇಕು, ಅವಳಿಗೆ ಮಾಡಲು ಬರುವುದಿಲ್ಲ. ಸಾರಿನ ಜೊತೆ ಬಡಿಸಿದರೆ ಅವನು ನಗುತ್ತಾನೇನೋ ಎಂಬ ಅಳುಕು. ಆ ಅಳುಕನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಬಸುವಿನ ಕಡೆಯಿಂದ ನೋಡಿದರೆ, ಅವ್ವ ಒಲೆಯ ಮುಂದೆ ಕೂತು ಜೋಳದ ಹಿಟ್ಟು ಬಡಿದು ಒಣಗಿಸಿ, ಮುರಿಯದಂತೆ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ್ದಾಳೆ. ಆ ಗಂಟು ಅವನಿಗೆ ಊರು. ತಾನೇ ಬಿಚ್ಚಿ ತಿಂದರೆ ಹಾಸ್ಟೆಲಿನಲ್ಲಿ ಒಬ್ಬನೇ ತಿಂದ ಹಾಗಾಗುತ್ತದೆ. ಅವಳು ಬಿಚ್ಚಲಿ ಎಂದು ಕಾಯುತ್ತಿದ್ದಾನೆ. ಈಗ ಹೇಳಿ, ಯಾರದು ತಪ್ಪು?

ಹಳೆಯ ಗೆಳತಿ, ಕುಡುಕ ಗಂಡ, ಕ್ರೂರ ಅತ್ತೆ ಯಾವುದೂ ಕಥೆಗೆ ನಿಷಿದ್ಧವಲ್ಲ. ಆದರೆ ಅಂಥವರು ಬಂದ ಕೂಡಲೇ ಓದುಗರು ತೀರ್ಪು ಕೊಟ್ಟುಬಿಡುತ್ತಾರೆ. ಮುಂದಿನ ಮುನ್ನೂರು ಪುಟ ಆ ತೀರ್ಪು ಜಾರಿಯಾಗುವುದನ್ನು ಕಾಯುವ ಕೆಲಸವಷ್ಟೇ ಉಳಿಯುತ್ತದೆ.

ಎರಡನೆಯದು: ಮನೆ ಮತ್ತು ದುಡ್ಡು

ಈ ಹೆಜ್ಜೆಗೆ ನೀವು ಎಷ್ಟು ಸಮಯ ಕೊಟ್ಟರೂ ನಷ್ಟವಿಲ್ಲ. ಕನ್ನಡದ ಪ್ರೇಮ ಕಥೆಗಳಲ್ಲಿ ದುಡ್ಡಿನ ಮಾತು ಕಡಿಮೆ. ಬೆಂಗಳೂರಿನ ಹೊಸ ದಂಪತಿಗಳ ಮಾತುಕತೆಯಲ್ಲಿ ಅದು ಬಹಳ ಜಾಗ ಹಿಡಿಯುತ್ತದೆ.

ಮೊದಲು ಮನೆಯ ನಕ್ಷೆ ಬಿಡಿಸಿ. ಜಗಳವಾದ ಮೇಲೆ ಒಬ್ಬರು ಹೋಗಿ ಕೂರಲು ಇನ್ನೊಂದು ಕೋಣೆ ಇದೆಯೇ? ಬಾಲ್ಕನಿ ಇದೆಯೇ, ಅಲ್ಲಿ ನಿಂತು ಮಾತಾಡಿದರೆ ಪಕ್ಕದ ಮನೆಗೆ ಕೇಳಿಸುತ್ತದೆಯೇ? ಮನೆಯ ಮಾಲೀಕರು ಕೆಳಗೇ ಇದ್ದಾರೆಯೇ? ಇದ್ದರೆ ಈ ಗಂಡ ಹೆಂಡತಿ ಪಿಸುದನಿಯಲ್ಲೇ ಜಗಳವಾಡಬೇಕು. ಆ ಪಿಸುದನಿಯಿಂದ ನಿಮ್ಮ ಸಂಭಾಷಣೆಯ ಲಯವೇ ಬೇರೆಯಾಗುತ್ತದೆ.

ಆಮೇಲೆ ಕರಾರು ಪತ್ರ. ಇಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಆಗುತ್ತದೆ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಬೆಳೆದ ರೂಢಿ ಇದು. ಅಡ್ವಾನ್ಸು ಹತ್ತು ತಿಂಗಳ ಬಾಡಿಗೆಯಷ್ಟು ಕೇಳುವುದು ಬೆಂಗಳೂರಿನ ಹಳೆಯ ವಾಡಿಕೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ನಮ್ಮ ಜೋಡಿಯ ಬಾಡಿಗೆ 28,000 ಎಂದುಕೊಂಡರೆ ಅಡ್ವಾನ್ಸು 2,80,000. ಮದುವೆಯ ಖರ್ಚು ಮುಗಿದ ತಿಂಗಳಲ್ಲಿ ಇಷ್ಟು ದುಡ್ಡು ಎಲ್ಲಿಂದ ಬಂತು? ಚೈತ್ರಾಳ ಅಪ್ಪ ಎರಡು ಲಕ್ಷ ಕೊಟ್ಟರು ಅನ್ನಿ. ಅವರು ಪ್ರೀತಿಯಿಂದ ಕೊಟ್ಟರು, ಬಸು ಸಂಕೋಚದಿಂದ ತೆಗೆದುಕೊಂಡ. ಕರಾರು ಮಾತ್ರ ಅವನೊಬ್ಬನ ಹೆಸರಿನಲ್ಲಿದೆ, ಏಕೆಂದರೆ ಸಹಿ ಹಾಕುವ ದಿನ ಅವಳಿಗೆ ರಜೆ ಸಿಗಲಿಲ್ಲ. ಕಾದಂಬರಿಯ ಎರಡನೇ ಅಧ್ಯಾಯದಲ್ಲಿ ಓದುಗರು ಗಮನಿಸದೆ ದಾಟುವ ಈ ಸಂಗತಿ ಇಪ್ಪತ್ತನೇ ಅಧ್ಯಾಯದಲ್ಲಿ, ಮನೆ ಖಾಲಿ ಮಾಡುವ ಮಾತು ಬಂದಾಗ, ಬೆಂಕಿಯಾಗುತ್ತದೆ. ಬಿಡುವಾಗ ಬಣ್ಣ ಹೊಡೆಸಲು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯೂ ಇದೆಯಲ್ಲ. ಆ 28,000 ಯಾರ ಪಾಲಿನಿಂದ ಹೋಗಬೇಕು? ಒಂದಿಡೀ ದೃಶ್ಯವನ್ನು ಇದರ ಮೇಲೆ ನಿಲ್ಲಿಸಬಹುದು.

ಇಬ್ಬರ ಸಂಬಳ, ಕಂತು, ಊರಿಗೆ ಕಳಿಸುವ ಹಣ, ಉಳಿತಾಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಚೈತ್ರಾಳ ಸಂಬಳ ಅವನಿಗಿಂತ ಹೆಚ್ಚಿದ್ದರೆ ಅದು ಯಾರಿಗೆ ಗೊತ್ತು, ಯಾರಿಂದ ಮುಚ್ಚಿಟ್ಟಿದ್ದಾರೆ? ತಾಳಿ, ಬಳೆ, ಸರ ಯಾರ ಲಾಕರಿನಲ್ಲಿವೆ? ಬಸು ತಂಗಿಯ ಓದಿನ ಫೀಸು ಕಟ್ಟುತ್ತಿದ್ದಾನೆಯೇ? ಈ ಹಾಳೆ ಕಾದಂಬರಿಯಲ್ಲಿ ಕಾಣಿಸಬೇಕಾಗಿಲ್ಲ. ಆದರೆ ಅಂಗಡಿಯಲ್ಲಿ ಅವಳು ಒಂದು ಕುರ್ತಾ ಎತ್ತಿ ನೋಡಿ ಮತ್ತೆ ಇಟ್ಟಾಗ ಅವಳು ಯಾಕೆ ಇಟ್ಟಳೆಂದು ನಿಮಗೆ ಗೊತ್ತಿರಬೇಕು.

ವರ್ಷ ನಿಗದಿ ಮಾಡಿ, ಪಂಚಾಂಗ ಹರವಿ

"ಈಗಿನ ಕಾಲ" ಎಂದು ಬಿಟ್ಟರೆ ಸಾಲದು. ಇಸವಿ ಬರೆದುಕೊಳ್ಳಿ. 2024ರ ಬೇಸಿಗೆಯಾದರೆ ಕೊಳವೆ ಬಾವಿ ಬತ್ತಿದ ಮನೆಗಳು, ಟ್ಯಾಂಕರಿಗಾಗಿ ಕಾಯುವ ಬೆಳಗುಗಳು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಜಲಮಂಡಳಿಯ ಆದೇಶ. ಎರಡು ಬಕೆಟ್ ನೀರಿನಲ್ಲಿ ಇಬ್ಬರು ಆಫೀಸಿಗೆ ತಯಾರಾಗುವ ದೃಶ್ಯ ತಾನಾಗಿ ಬರುತ್ತದೆ.

ನಮ್ಮ ಜೋಡಿಗೆ 2025 ಇರಲಿ. ಮೇ ಮೊದಲ ವಾರ ಮದುವೆ. ಈಗ ಆ ವರ್ಷದ ಪಂಚಾಂಗ ತೆಗೆಯಿರಿ, ಏಕೆಂದರೆ ಮದುವೆಯ ಮೊದಲ ವರ್ಷಕ್ಕೆ ನಮ್ಮ ಹಬ್ಬಗಳೇ ಒಂದು ಕಥಾಹಂದರ ಕೊಟ್ಟಿವೆ. ಜೂನ್ 26ಕ್ಕೆ ಆಷಾಢ ಶುರು. ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಿನಲ್ಲಿರಬೇಕು, ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದು ಎನ್ನುತ್ತಾರೆ. ಚೈತ್ರಾಳಿಗೆ ಆಫೀಸಿದೆ, ಅತ್ತೆ ಇರುವುದು ರಾಣೆಬೆನ್ನೂರಿನಲ್ಲಿ. ಆದರೂ ಅಮ್ಮನ ಒತ್ತಾಯಕ್ಕೆ ವಾರಾಂತ್ಯಕ್ಕೆಂದು ಮೈಸೂರಿಗೆ ಹೋದವಳು ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಮೂರು ವಾರ ಅಲ್ಲೇ ಉಳಿಯುತ್ತಾಳೆ. ಏಳು ವಾರದ ಗಂಡ ಹೆಂಡತಿ. ಅವನಿಗೆ ಈ ಅಗಲಿಕೆ ಸಂಪ್ರದಾಯದಂತೆ ಕಾಣುತ್ತದೋ, ಅವಳೇ ಬಯಸಿ ಹೋದಂತೆ ಕಾಣುತ್ತದೋ? ಅಲ್ಲಿ ಅವಳಿಗೆ ಹಾಯೆನಿಸಿತೇ? ಹಾಯೆನಿಸಿತೆಂದು ಅಪರಾಧಿ ಭಾವ ಕಾಡಿತೇ?

ಜುಲೈ 24ರಂದು ಆಷಾಢ ಮುಗಿಯುವ ಅಮಾವಾಸ್ಯೆ. ಮೈಸೂರು ಕಡೆಗೆ ಅದು ಭೀಮನ ಅಮಾವಾಸ್ಯೆ, ಹೆಂಡತಿ ಗಂಡನ ಪಾದಪೂಜೆ ಮಾಡುವ ದಿನ. ಬಸುವಿನ ಊರಿನ ಕಡೆಗೆ ಅದೇ ನಾಗರ ಅಮಾವಾಸ್ಯೆ. ಅವಳು ಅರಿಶಿನ ಕುಂಕುಮ ಹಿಡಿದು "ಬಾ ಕೂತ್ಕೋ" ಅಂದಾಗ ಅವನು ಕಾಲು ಎಳೆದುಕೊಂಡು "ಏ, ಇದೆಲ್ಲ ಬ್ಯಾಡಬೇ" ಎನ್ನುತ್ತಾನೆ. ಸಮಾನತೆಯ ಸಂಕೋಚದಿಂದ ಅವನು ಹೇಳಿದ್ದು. ಅಮ್ಮನನ್ನು ನೋಡಿ ಕಲಿತು, ಮೊದಲ ಸಲ ತಾನು ಮಾಡಬೇಕೆಂದು ಆಸೆಪಟ್ಟಿದ್ದನ್ನು ಅವನು ತಳ್ಳಿದನೆಂದು ಅವಳ ನೋವು.

ಐದು ದಿನ ಬಿಟ್ಟು ಜುಲೈ 29ಕ್ಕೆ ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಮೈಸೂರಿನಲ್ಲಿ ಆ ರೂಢಿ ಹಾಗಿಲ್ಲ. ಅಲ್ಲಿ ತವರಿನ ನೆನಪು ಬರುವುದು ಗೌರಿ ಹಬ್ಬದ ಬಾಗಿನದ ಜೊತೆ, ಅದು ಆ ವರ್ಷ ಆಗಸ್ಟ್ 26ಕ್ಕೆ. ಫೋನಿನಲ್ಲಿ ಅತ್ತೆ ನಿಜವಾದ ಕಕ್ಕುಲಾತಿಯಿಂದ ಕೇಳುತ್ತಾರೆ: "ಪಂಚಮಿಗೆ ಕರಿಯಾಕ ನಿನ್ನ ತಮ್ಮ ಬರಲಿಲ್ಲೇನ ಯವ್ವಾ?" ತನ್ನ ತವರನ್ನು ಹೀಗಳೆದರೆಂದು ಚೈತ್ರಾ ಸೆಟೆದುಕೊಳ್ಳುತ್ತಾಳೆ. ಬೀಗರು ಮಗಳನ್ನು ಮರೆತರಲ್ಲ ಎಂದು ಆ ತಾಯಿ ಅತ್ತ ಕಡೆ ಮರುಗುತ್ತಿರುತ್ತಾಳೆ. ಇಬ್ಬರ ಮನಸ್ಸೂ ಒಳ್ಳೆಯದೇ. ಈ ದೃಶ್ಯಕ್ಕೆ ಯಾವ ಖಳನಾಯಕಿಯೂ ಬೇಕಾಗಿಲ್ಲ.

ಮುಂದೆ ಶ್ರಾವಣದ ಮಂಗಳವಾರಗಳ ಮಂಗಳಗೌರಿ, ಅಕ್ಟೋಬರಿನಲ್ಲಿ ಅಳಿಯನನ್ನು ಕರೆಯುವ ಮೊದಲ ದೀಪಾವಳಿ. ಎಲ್ಲವನ್ನೂ ಬಳಸಬೇಡಿ, ಮೂರನ್ನು ಆರಿಸಿ. ನಿಮ್ಮ ಪಾತ್ರಗಳು ಮಂಗಳೂರಿನ ಕ್ರೈಸ್ತರೋ ಭಟ್ಕಳದ ಮುಸ್ಲಿಮರೋ ಆಗಿದ್ದರೆ ಅವರ ಮೊದಲ ವರ್ಷಕ್ಕೆ ಅವರದೇ ಹಬ್ಬಗಳು, ಅವರದೇ ತವರಿನ ದಾರಿಗಳು ಇರುತ್ತವೆ. ಅವರ ಮನೆಯಲ್ಲಿ ಕೂತು ಕೇಳಿ ತಿಳಿದುಕೊಂಡು ಬರೆಯಿರಿ.

ಗಡಿಯಾರ

ಇದು ಚಿಕ್ಕ ಹೆಜ್ಜೆ, ಆದರೂ ಬಿಡಬೇಡಿ. ಇಬ್ಬರ ಒಂದು ದಿನವನ್ನು ಅರ್ಧ ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ. ಚೈತ್ರಾಳ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮೊದಲ ಮೂರು ತಿಂಗಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆ ದಾಟಿ ಬರುವಷ್ಟರಲ್ಲಿ ಅವಳಲ್ಲಿ ಮಾತಾಡುವ ಶಕ್ತಿ ಉಳಿದಿರುವುದಿಲ್ಲ. 2025ರ ಆಗಸ್ಟ್ 10ಕ್ಕೆ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಶುರುವಿನಲ್ಲಿ ರೈಲು ಇಪ್ಪತ್ತೈದು ನಿಮಿಷಕ್ಕೊಂದು, ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ಕಾಯಬೇಕು. ಆದರೂ ಅವಳಿಗೊಂದು ಸಂಜೆ ಸಿಕ್ಕಿತು. ಬಸು ನ್ಯೂಯಾರ್ಕಿನ ತಂಡದ ಜೊತೆ ಕೆಲಸ ಮಾಡುತ್ತಾನೆ. ಅಲ್ಲಿನ ಬೆಳಗಿನ ಹತ್ತು ಗಂಟೆಯ ಮೀಟಿಂಗು ನಮಗೆ ಸಂಜೆ ಏಳೂವರೆ. ಎಂಟಕ್ಕೆ ಮುಗಿಸಿ ಇಬ್ಬರೂ ಕೆಳಗಿಳಿದು ಒಂದು ಸುತ್ತು ನಡೆದು, ಮೂಲೆಯ ಅಂಗಡಿಯಲ್ಲಿ ಕಾಫಿ ಕುಡಿದು ಬರುತ್ತಾರೆ. ಈ ಮದುವೆಯ ಅತ್ಯಂತ ಒಳ್ಳೆಯ ಎರಡೂವರೆ ತಿಂಗಳು ಅದು. ನವೆಂಬರ್ 2ರಂದು ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮರುದಿನದಿಂದ ಅದೇ ಮೀಟಿಂಗು ಎಂಟೂವರೆಗೆ. ಮುಗಿಯುವ ಹೊತ್ತಿಗೆ ಕಾಫಿ ಅಂಗಡಿಯ ಬಾಗಿಲು ಎಳೆದಿರುತ್ತದೆ, ಅವಳು ಒಬ್ಬಳೇ ಊಟ ಮಾಡಿರುತ್ತಾಳೆ. ಯಾರೂ ಯಾರಿಗೂ ಅನ್ಯಾಯ ಮಾಡಲಿಲ್ಲ. ಡಿಸೆಂಬರಿನ ರೊಟ್ಟಿಯ ಜಗಳದ ಬೇರು ಇಲ್ಲಿದೆ, ಅವರಿಬ್ಬರಿಗೂ ಅದು ಗೊತ್ತಿಲ್ಲ. ಓದುಗರಿಗೆ ಮಾತ್ರ ಗೊತ್ತಾಗುವಂತೆ ಬರೆಯಲು ಸಾಧ್ಯವಾದರೆ ನಿಮ್ಮ ಕೈಯಲ್ಲಿ ಕಾದಂಬರಿ ಇದೆ.

ಮಾತು: ನೀನು, ನೀವು, ಅವರು

ಕನ್ನಡದಲ್ಲಿ ಬರೆಯುವವರಿಗೆ ಒಂದು ದೊಡ್ಡ ಸೌಲಭ್ಯವಿದೆ. ಸರ್ವನಾಮ ಬದಲಾದರೆ ಸಾಕು, ದೂರ ಗೊತ್ತಾಗುತ್ತದೆ. ಚೈತ್ರಾ ಬಸುವನ್ನು ಹೆಸರು ಹಿಡಿದು, "ಕಣೋ" ಎಂದು ಕರೆಯುತ್ತಾಳೆ. ಅವನ ಅವ್ವ ಬಂದಾಗ "ಅವರು ಸ್ನಾನಕ್ಕೆ ಹೋಗಿದ್ದಾರೆ ಅತ್ತೆ" ಎನ್ನುತ್ತಾಳೆ. ಆ "ಅವರು" ಕೇಳಿ ಬಾತ್‌ರೂಮಿನೊಳಗೆ ಅವನು ಮುಗುಳ್ನಗುವ ಕಾಲವೊಂದಿರುತ್ತದೆ. ಜಗಳ ಬಲಿತ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗಲೂ ಅವಳು "ನೀವು ಊಟ ಮಾಡ್ಕೊಳ್ಳಿ" ಅನ್ನುತ್ತಾಳೆ. ಅಷ್ಟೇ ಸಾಲು ಸಾಕು. "ಅವಳ ಧ್ವನಿಯಲ್ಲಿ ತಣ್ಣನೆಯ ಕ್ರೋಧವಿತ್ತು" ಎಂದು ವಿವರಿಸಲು ಹೋಗಬೇಡಿ.

ಹಾಗೆಯೇ "ಅತ್ತೆ" ಎನ್ನುತ್ತಿದ್ದವಳು "ನಿಮ್ಮಮ್ಮ" ಎನ್ನಲು ಶುರುಮಾಡುವ ದಿನವನ್ನು ಗುರುತಿಟ್ಟುಕೊಳ್ಳಿ. ಇನ್ನೊಂದು, "ನಮ್ಮನೆ". ಮದುವೆಯಾಗಿ ಎಷ್ಟೋ ತಿಂಗಳು ಹುಡುಗಿಯರು "ನಮ್ಮನೇಲಿ ಹೀಗೆ ಮಾಡಲ್ಲ" ಅಂದಾಗ ತವರನ್ನೇ ಹೇಳುತ್ತಿರುತ್ತಾರೆ. ಬಸುವೂ ಅಷ್ಟೇ, "ನಮ್ಮನ್ಯಾಗ" ಅಂದರೆ ರಾಣೆಬೆನ್ನೂರು. ಬನಶಂಕರಿಯ ಬಾಡಿಗೆ ಮನೆಗೆ ಇಬ್ಬರೂ ಇನ್ನೂ "ನಮ್ಮನೆ" ಎಂದಿಲ್ಲ. ಯಾರು ಮೊದಲು ಅನ್ನುತ್ತಾರೆ, ಯಾವ ಸಂದರ್ಭದಲ್ಲಿ ಎಂಬುದನ್ನು ಈಗಲೇ ಯೋಚಿಸಿಟ್ಟುಕೊಂಡರೆ ಮುಂದೆ ಬಹಳ ಉಪಯೋಗವಾಗುತ್ತದೆ.

ಆಡುಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಉತ್ತರ ಕರ್ನಾಟಕದ ಮಾತನ್ನು ನಗಿಸಲು ಬಳಸಬೇಡಿ. ಕಂಪ್ಯೂಟರ್ ಮುಂದೆ ಕೂತು ದಿನವಿಡೀ ಇಂಗ್ಲಿಷ್ ಬೆರೆಸಿ ಮಾತಾಡುವ ಬಸು ಅವ್ವನ ಫೋನು ಬಂದಾಗ ಒಂದೇ ಉಸಿರಿಗೆ ತನ್ನ ಮಾತಿಗೆ ಮರಳುತ್ತಾನೆ. ಚೈತ್ರಾಳ ಹತ್ತಿರ ಅವನು ಬೆಂಗಳೂರು ಕನ್ನಡ ಆಡುತ್ತಾನೆ, ಕೋಪ ಬಂದಾಗ ಮತ್ತು ತುಂಬಾ ಮುದ್ದು ಬಂದಾಗ ಮಾತ್ರ ಊರಿನದು ಬರುತ್ತದೆ. ಈ ಏರಿಳಿತ ನಿಮಗೆ ಕಿವಿಯಿಂದ ಗೊತ್ತಿಲ್ಲವಾದರೆ ಆ ಕಡೆಯವರೊಬ್ಬರಿಗೆ ಓದಿ ಹೇಳಿ, ಅವರು ಮುಖ ಸಿಂಡರಿಸಿದ ಸಾಲನ್ನು ತಿದ್ದಿ.

ಅತ್ತೆಗೆ ಒಂದು ಅಧ್ಯಾಯ ಕೊಡಿ

ಅತ್ತೆಯನ್ನು ಸೊಸೆಯ ಕಣ್ಣಿನಿಂದಷ್ಟೇ ನೋಡಿದರೆ ಅವಳು ಬಾಗಿಲಲ್ಲಿ ನಿಂತ ನೆರಳಾಗಿ ಉಳಿಯುತ್ತಾಳೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಗಂಡನ ಮುಂದೆ ಕೈಚಾಚದೆ ಮಗನ ಮನೆಗೆ ಹೊರಡುವ ಸ್ವಾತಂತ್ರ್ಯ ಬಸುವಿನ ಅವ್ವನಿಗೆ ಐವತ್ತೈದನೇ ವಯಸ್ಸಿನಲ್ಲಿ ಬಂದಿದೆ. ಆಧಾರ್ ಕಾರ್ಡು ಕುಪ್ಪಸದಲ್ಲಿಟ್ಟುಕೊಂಡು, ಚೀಲದಲ್ಲಿ ಶೇಂಗಾ ಚಟ್ನಿಪುಡಿ ತುಂಬಿಕೊಂಡು, ಬೆಳಗ್ಗೆ ಹೊರಟು ಸಂಜೆಗೆ ಮೆಜೆಸ್ಟಿಕ್ಕಿಗೆ ಬಂದಿಳಿಯುವ ಆ ಹೆಂಗಸಿನ ಪ್ರಯಾಣವನ್ನು ಒಂದು ಪೂರ್ತಿ ಅಧ್ಯಾಯ ಬರೆಯಿರಿ. ಅವಳ ಜೀವನದಲ್ಲಿ ಅದೊಂದು ಸಾಹಸ. ಅದೇ ಸಂಜೆ ಆಫೀಸಿನಿಂದ ಬಂದ ಚೈತ್ರಾಳಿಗೆ ಹೇಳದೆ ಕೇಳದೆ ಬಾಗಿಲಿಗೆ ಬಂದ ಅತಿಥಿ. ಓದುಗರು ಇಬ್ಬರ ಜೊತೆಗೂ ನಿಂತಿರುತ್ತಾರೆ, ಅತ್ತ ವಾಲಲಾರರು, ಇತ್ತ ವಾಲಲಾರರು.

ಪ್ರೀತಿ ಎಲ್ಲಿ?

ಬಿರುಕು ಬರೆಯುವ ಉತ್ಸಾಹದಲ್ಲಿ ಮರೆತುಹೋಗುವುದು ಇದೇ. ಇದು ಪ್ರೇಮ ಕಾದಂಬರಿ. ಇವರು ಒಬ್ಬರಿಗೊಬ್ಬರು ಯಾಕೆ ಬೇಕು ಎಂಬುದು ಮೊದಲ ಐವತ್ತು ಪುಟದೊಳಗೆ ಓದುಗರ ಮೈಗೆ ತಾಕಬೇಕು. ಮೊದಲ ಭೇಟಿಯ ಮಳೆ, ಗುಲಾಬಿ ಬೇಡ. ಅವನು ಮಾತ್ರ ಗಮನಿಸುವ ಅವಳ ಒಂದು ಅಭ್ಯಾಸ ಹುಡುಕಿ. ಚೈತ್ರಾ ಪುಸ್ತಕ ಓದುವಾಗ ತನಗೇ ಗೊತ್ತಿಲ್ಲದೆ ತುಟಿ ಅಲ್ಲಾಡಿಸುತ್ತಾಳೆ. ಹೆಣ್ಣು ನೋಡಲು ಹೋದ ದಿನ ಗೋಡೆಯ ಕ್ಯಾಲೆಂಡರ್ ಓದುತ್ತಾ ಹಾಗೆ ಮಾಡಿದ್ದನ್ನು ಬಸು ಕಂಡಿದ್ದ. ಜಗಳದ ನಡುರಾತ್ರಿ ಅವಳು ಮೊಬೈಲಿನ ಬೆಳಕಿನಲ್ಲಿ ಹಾಗೇ ತುಟಿ ಅಲ್ಲಾಡಿಸುವುದು ಅವನಿಗೆ ಕಾಣುತ್ತದೆ. ಮಾತಾಡಿಸಬೇಕೆನಿಸುತ್ತದೆ, ಬಾಯಿ ಬರುವುದಿಲ್ಲ.

ಮೈಯ ಬಗ್ಗೆ ಬರೆಯಲು ಹೆದರಬೇಡಿ. ಮದುವೆಯಾದವರ ಕಥೆಯಲ್ಲಿ ಹಾಸಿಗೆ ಇಲ್ಲದಿದ್ದರೆ ಅದು ಸುಳ್ಳು ಹೇಳಿದಂತೆ. ಕನ್ನಡದಲ್ಲಿ ಇದಕ್ಕೆ ಪದಗಳು ಒಂದೋ ಕಾವ್ಯದ ಹತ್ತಿರ, ಇಲ್ಲವೇ ಬೈಗುಳದ ಹತ್ತಿರ ಇರುವುದರಿಂದ ನಡುವಿನ ದಾರಿ ಹುಡುಕಬೇಕಾಗುತ್ತದೆ. ನಾನು ಕಂಡುಕೊಂಡ ದಾರಿ ಕೈಗಳದ್ದು. ಯಾರ ಕೈ ಮೊದಲು ಚಾಚಿತು, ಯಾರು ಮಗ್ಗಲು ಬದಲಿಸಿದರು, "ಇವತ್ತು ಬೇಡ" ಎಂಬ ಮಾತನ್ನು ಹೇಗೆ ಹೇಳಿದರು, ಕೇಳಿದವರು ಅದನ್ನು ಹೇಗೆ ತೆಗೆದುಕೊಂಡರು. ಆಯಾಸಕ್ಕೆ ಬೇಡವೆಂದದ್ದು ಅಸಡ್ಡೆಯಾಗಿ ಕೇಳಿಸುವ ರಾತ್ರಿಗಳನ್ನು ಪ್ರಾಮಾಣಿಕವಾಗಿ ಬರೆಯಿರಿ.

ದಾಟಬಾರದ ಒಂದು ಗೆರೆಯೂ ಇದೆ. ಗಂಡ ಕೆನ್ನೆಗೆ ಹೊಡೆಯುವುದು, ಅವಳ ಫೋನು ಕಿತ್ತಿಟ್ಟುಕೊಳ್ಳುವುದು, ಬಲವಂತ ಮಾಡುವುದು, ಆಮೇಲೆ ಅದನ್ನೇ ಅವನ ತೀವ್ರ ಪ್ರೀತಿಯೆಂದು ತೋರಿಸುವುದು. ಓದುವವರಲ್ಲಿ ಅಂಥ ಮನೆಯಲ್ಲೇ ಕೂತು ಓದುತ್ತಿರುವ ಹೆಣ್ಣುಮಗಳೊಬ್ಬಳು ಇರುತ್ತಾಳೆ, ಅವಳಿಗೆ ನಾವು ಸುಳ್ಳು ಹೇಳಬಾರದು. ನಿಮ್ಮ ಕಥೆಯಲ್ಲಿ ಹಿಂಸೆ ಬಂದರೆ ಅದನ್ನು ಹಿಂಸೆಯೆಂದೇ ಬರೆಯಿರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಅವಮಾನ, ಬೆದರಿಕೆ, ಹಣ ತಡೆಹಿಡಿಯುವುದನ್ನೂ ದೌರ್ಜನ್ಯವೆಂದು ಗುರುತಿಸುತ್ತದೆ. ಮಹಿಳಾ ಸಹಾಯವಾಣಿ 181. ಪಾತ್ರ ಆ ಸಂಖ್ಯೆ ಒತ್ತುವ ದೃಶ್ಯ ಒಂದು ಕಾದಂಬರಿಯಲ್ಲಿ ಬಂದರೆ ಅದರಿಂದ ಪ್ರೇಮಕ್ಕೆ ಊನವಿಲ್ಲ.

ಕೋರ್ಟಿನ ಮೆಟ್ಟಿಲು ಹತ್ತಿಸುವುದಾದರೆ

ಎರಡು ಪುಟದಲ್ಲಿ ನೋಟಿಸು, ಮೂರನೇ ಪುಟದಲ್ಲಿ ವಿಚ್ಛೇದನ ಆಗಿಬಿಡುವ ಹಸ್ತಪ್ರತಿಗಳನ್ನು ನೋಡಿದ್ದೇನೆ. ಕಾನೂನು ಹಾಗೆ ನಡೆಯುವುದಿಲ್ಲ. ಅದರ ನಿಧಾನದಲ್ಲೇ ಕಾದಂಬರಿಕಾರರಿಗೆ ಬೇಕಾದ್ದು ಬಹಳವಿದೆ.

1955ರ ಹಿಂದೂ ವಿವಾಹ ಕಾಯ್ದೆಯ 14ನೇ ಕಲಮಿನ ಪ್ರಕಾರ ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ವಿಚ್ಛೇದನದ ಅರ್ಜಿ ಹಾಕುವಂತಿಲ್ಲ, ಅರ್ಜಿದಾರರ ಅಸಾಧಾರಣ ಕಷ್ಟ ಅಥವಾ ಎದುರು ಪಕ್ಷದವರ ಅಸಾಧಾರಣ ದುರ್ನಡತೆಯ ಪ್ರಕರಣಗಳಲ್ಲಿ ಮಾತ್ರ ನ್ಯಾಯಾಲಯ ಅನುಮತಿ ಕೊಡಬಹುದು. ಪರಸ್ಪರ ಒಪ್ಪಿಗೆಯ ವಿಚ್ಛೇದನ 13ಬಿ ಕಲಮಿನಡಿ ಬರುತ್ತದೆ. ಅದಕ್ಕೆ ಇಬ್ಬರೂ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಮತ್ತೆ ನ್ಯಾಯಾಲಯದ ಮುಂದೆ ನಿಲ್ಲಬೇಕು. ಆ ಆರು ತಿಂಗಳು ಕಡ್ಡಾಯವಲ್ಲ, ಸೂಕ್ತವೆನಿಸಿದರೆ ನ್ಯಾಯಾಲಯ ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಬೇರೆ ಧರ್ಮದ ಜೋಡಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಕಾನೂನು ಬೇರೆ. ಬರೆಯುವ ಮುಂಚೆ ವಕೀಲರನ್ನು ಕೇಳಿ.

ನನಗೆ ಅತ್ಯಂತ ಪ್ರಿಯವಾದ ಅಂಶ 1991ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿದೆ. ಪ್ರತ್ಯೇಕವಾಗಿ ಬಾಳುವುದೆಂದರೆ ಬೇರೆ ಬೇರೆ ಮನೆಯಲ್ಲಿರಲೇಬೇಕೆಂದಿಲ್ಲ, ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಂತೆ ಬಾಳದಿದ್ದರೆ ಅದೂ ಪ್ರತ್ಯೇಕ ಬಾಳ್ವೆಯೇ ಎಂದಿತು ಆ ತೀರ್ಪು. ಕೊನೆಯ ಆದೇಶ ಆಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದೂ ಹೇಳಿತು. ಚೈತ್ರಾ, ಬಸುವನ್ನು ನೆನೆಯಿರಿ. ಕರಾರು ಮುಗಿದಿಲ್ಲ, ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸಿನಲ್ಲಿ ಕಡಿತ, ಇನ್ನೊಂದು ಮನೆಗೆ ಇನ್ನೊಂದು ಅಡ್ವಾನ್ಸು ಇಬ್ಬರ ಹತ್ತಿರವೂ ಇಲ್ಲ. ಅವಳು ಕೋಣೆಯಲ್ಲಿ, ಅವನು ಹಾಲಿನ ದಿವಾನದ ಮೇಲೆ. ಫ್ರಿಜ್ಜಿನಲ್ಲಿ ಎರಡು ಮೊಸರಿನ ಪ್ಯಾಕೆಟ್ಟು. ಯಾರ ಬಟ್ಟೆ ಯಾವ ದಿನ ಒಗೆಯುವುದೆಂದು ಸಮಯ ಹಂಚಿಕೊಂಡಿದ್ದಾರೆ. ಕೆಳಗಿನ ಮಾಲೀಕರ ಹೆಂಡತಿ ಸಂಕ್ರಾಂತಿಯ ಎಳ್ಳು ಕೊಡಲು ಬಂದಾಗ ಇಬ್ಬರೂ ಒಟ್ಟಿಗೆ ಬಾಗಿಲಿಗೆ ಬಂದು ನಗಬೇಕು. ಈ ತಿಂಗಳುಗಳು ನಿಮ್ಮ ಕಾದಂಬರಿಯ ಹೃದಯವಾಗಬಲ್ಲವು.

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ. ಒಂದು ದಿನ ಹೊರಗಿನ ರಸ್ತೆಯಲ್ಲಿ ನಿಂತು ಬನ್ನಿ. ಒಳಗೆ ಹೋಗುವವರ ಮುಖ ನೋಡಿ ಟಿಪ್ಪಣಿ ಮಾಡಿಕೊಳ್ಳಬೇಡಿ, ಅದು ಅವರ ನೋವು. ರಸ್ತೆಯ ಸದ್ದು, ಚಹಾದ ಅಂಗಡಿ, ಯಾರು ಯಾರ ಜೊತೆ ಆಟೋ ಇಳಿಯುತ್ತಾರೆ ಎಂಬುದನ್ನು ಕಣ್ಣಲ್ಲಿ ತುಂಬಿಕೊಳ್ಳಿ. ಮಧ್ಯಸ್ಥಿಕೆಯ ಕೋಣೆಯ ಮಾತುಗಳು ಗೋಪ್ಯ. ಅಲ್ಲಿ ನಡೆದ ನಿಜ ಪ್ರಕರಣ ಯಾರಿಂದಲೋ ಕಿವಿಗೆ ಬಿದ್ದರೂ ಅದನ್ನು ಕಥೆಗೆ ಎತ್ತಿಕೊಳ್ಳಬೇಡಿ.

ಬರೆಯಲು ಕೂತಾಗ

ಅರವತ್ತು ಸಾವಿರ ಪದದ ಕಾದಂಬರಿಗೆ ದಿನಕ್ಕೆ ಐನೂರು ಪದದಂತೆ 120 ದಿನ ಬೇಕು. ಮೊದಲ ಅಧ್ಯಾಯ ಮದುವೆ ಮಂಟಪದಿಂದ ಬೇಡ, ಜೀರಿಗೆ ಬೆಲ್ಲದ ವಿವರಣೆ ಓದುಗರಿಗೆ ಬೇಕಿಲ್ಲ. ರೊಟ್ಟಿಯ ರಾತ್ರಿಯಿಂದ ಶುರು ಮಾಡಿ, ಬೇಕಾದಾಗ ಹಿಂದಕ್ಕೆ ಹೋಗಿ. ಒಂದು ಅಧ್ಯಾಯ ಅವಳ ಬೆನ್ನ ಹಿಂದೆ, ಒಂದು ಅವನ ಬೆನ್ನ ಹಿಂದೆ ನಿಂತು ಬರೆಯುವುದು ಹೊಸಬರಿಗೆ ಸುಲಭದ ಕ್ರಮ. ಆದರೆ ಒಂದೇ ಜಗಳವನ್ನು ಎರಡು ಸಲ ಪೂರ್ತಿ ಹೇಳಬೇಡಿ. ಎರಡನೆಯವರ ಅಧ್ಯಾಯ ಮರುದಿನ ಬೆಳಗ್ಗೆಯಿಂದ ಶುರುವಾಗಲಿ.

ನಿಮ್ಮದೇ ಮದುವೆಯಿಂದಲೋ ಗೆಳತಿಯ ಮದುವೆಯಿಂದಲೋ ಸಂಗತಿ ತೆಗೆದುಕೊಳ್ಳುತ್ತಿದ್ದರೆ ಅಚ್ಚಿಗೆ ಕೊಡುವ ಮೊದಲು ಆ ವ್ಯಕ್ತಿಗೆ ಓದಲು ಕೊಡಿ. ಹೆಸರು, ಊರು ಬದಲಿಸಿದರೆ ಸಾಲದು, ಅವರ ಮನೆಯವರು ಜಗಳದ ವಿಷಯದಿಂದಲೇ ಗುರುತು ಹಿಡಿಯುತ್ತಾರೆ.

ಕೊನೆ ಹೇಗೆ ಎಂದು ಎಲ್ಲರೂ ಕೇಳುತ್ತಾರೆ, ಒಂದಾಗಬೇಕೇ, ಬೇರೆಯಾಗಬೇಕೇ? ನನ್ನ ಸಲಹೆ, ಎರಡನ್ನೂ ಬರೆದು ನೋಡಿ. ಒಂದರಲ್ಲಿ ಚೈತ್ರಾ ಮನೆ ಖಾಲಿ ಮಾಡುತ್ತಾಳೆ. ಪಾತ್ರೆ ಹಂಚಿಕೊಳ್ಳುವಾಗ ಫ್ರಿಜ್ಜಿನ ಮೇಲಿನ ಸೀರೆತುಂಡಿನ ಗಂಟು ಅವನ ಕಡೆಗೆ ಎತ್ತಿಡುತ್ತಾಳೆ. ಇನ್ನೊಂದರಲ್ಲಿ ಗಂಟು ಬಿಚ್ಚುತ್ತಾಳೆ, ಎಣ್ಣೆಗಾಯಿ ಹೇಗೆ ಮಾಡುವುದೆಂದು ಅತ್ತೆಗೆ ಫೋನು ಹಚ್ಚುತ್ತಾಳೆ, ಹಾಲಿನಲ್ಲಿ ಕೂತ ಬಸುವಿಗೆ ಸ್ಪೀಕರಿನಲ್ಲಿ ಅವ್ವನ ದನಿ ಕೇಳಿಸುತ್ತದೆ: "ಮದಲ ಶೇಂಗಾ ಹುರಕೋ ಯವ್ವಾ." ಎರಡನ್ನೂ ಒಂದು ವಾರ ಪೆಟ್ಟಿಗೆಯಲ್ಲಿಡಿ. ತೆಗೆದು ಓದುವಾಗ ಯಾವುದರಲ್ಲಿ ಅವರಿಬ್ಬರೂ ನಿಮ್ಮ ಮಾತು ಕೇಳದೆ ತಾವಾಗಿಯೇ ನಡೆದುಕೊಂಡಿದ್ದಾರೆ ಎನಿಸುತ್ತದೋ ಅದನ್ನು ಉಳಿಸಿಕೊಳ್ಳಿ.